ಆನೆಯ ದಾರಿ, ಆನೆಯ ನೆನಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಡುಪ್ರಾಣಿಗಳ ಕುರಿತು ಪ್ರಶ್ನೆಗಳನ್ನು ಕಳುಹಿಸಿರೆಂದು ಕೇಳಿಕೊಂಡಾಗ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಆನೆಯ ವಿಷಯದಲ್ಲೇ ಇದ್ದವು. ಕೆಲವನ್ನು ಬೆಳೆ ಕಳೆದುಕೊಂಡವರು ಬರೆದಿದ್ದಾರೆ, ಕೆಲವನ್ನು ಶಾಲೆಯ ಮಕ್ಕಳ ಪರವಾಗಿ ತಾಯಂದಿರು ಬರೆದಿದ್ದಾರೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆನೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ತೋಟಕ್ಕೆ ಬರುವ ಸಲಗವನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ತೊಂದರೆ ಮುಗಿಯಬೇಕಲ್ಲವೇ? ಒಂದನ್ನು ಹಿಡಿದುಕೊಂಡು ಹೋದ ಮೇಲೂ ಮತ್ತೊಂದು ಬರುವುದೇಕೆ?
(ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು)

ಉತ್ತರ: ನಿಮ್ಮ ಪ್ರಶ್ನೆಯ ಹಿಂದಿನ ಆಯಾಸ ನನಗೆ ಅರ್ಥವಾಗುತ್ತದೆ. ಒಂದೇ ರಾತ್ರಿಯಲ್ಲಿ ಬಾಳೆ, ಬೈನೆ, ಕಾಫಿ ಗಿಡಗಳನ್ನು ಕಳೆದುಕೊಂಡವರಿಗೆ 'ಹಿಡಿದು ಸಾಗಿಸಿ' ಎನ್ನುವುದಕ್ಕಿಂತ ಸಹಜವಾದ ಬೇಡಿಕೆ ಬೇರೊಂದಿಲ್ಲ. ಆದರೆ ಆನೆಯ ಬದುಕು ನಡೆಯುವ ಅಳತೆಯನ್ನು ನೋಡಿದರೆ ಈ ಉಪಾಯ ಯಾಕೆ ಪದೇಪದೇ ಸೋಲುತ್ತದೆ ಎಂಬುದು ತಿಳಿಯುತ್ತದೆ. ನೀಲಗಿರಿ ತಪ್ಪಲಿನ ಕಾಡುಗಳಲ್ಲಿ ರೇಡಿಯೋ ಕಾಲರ್ ತೊಡಿಸಿ ನಡೆಸಿದ ಅಧ್ಯಯನಗಳಲ್ಲಿ ಒಂದೊಂದು ಹೆಣ್ಣಾನೆಯ ಬಳಗವೂ ವರ್ಷದಲ್ಲಿ 500 ಚದರ ಕಿಲೋಮೀಟರಿಗೂ ಮಿಕ್ಕ ನೆಲವನ್ನು ಬಳಸುವುದು ಕಂಡುಬಂದಿದೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣವೇ 643 ಚದರ ಕಿಲೋಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನಾವು ಕಾಡು ಎಂದು ಗೆರೆ ಎಳೆದ ಜಾಗವೂ ಆನೆ ತನ್ನದೆಂದು ತಿಳಿದಿರುವ ಜಾಗವೂ ಒಂದೇ ಆಗಿರಲು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಯಾವ ತಿಂಗಳಲ್ಲಿ ಎಲ್ಲಿ ನೀರು ಉಳಿದಿರುತ್ತದೆ, ಯಾವ ಬಯಲಿನಲ್ಲಿ ಮೊದಲ ಮಳೆಗೆ ಹುಲ್ಲು ಚಿಗುರುತ್ತದೆ, ಹಲಸು ಯಾವಾಗ ಹಣ್ಣಾಗುತ್ತದೆ ಎಂಬುದನ್ನು ಮರಿಯಾನೆ ತಾಯಿ ಮತ್ತು ಅಜ್ಜಿಯ ಹಿಂದೆ ನಡೆಯುತ್ತಲೇ ಕಲಿಯುತ್ತದೆ. ಸಲಗ ಹರೆಯದಲ್ಲಿ ಹಿಂಡು ಬಿಟ್ಟು ಹೊರಟಾಗಲೂ ಆ ಕಲಿಕೆಯನ್ನು ಹೊತ್ತೇ ಹೊರಡುತ್ತದೆ. ಅಂಥ ಆನೆಯನ್ನು ಲಾರಿಗೆ ಏರಿಸಿ ಗೊತ್ತಿಲ್ಲದ ಕಾಡಿನಲ್ಲಿ ಇಳಿಸಿದರೆ ಅದು ನೆನಪಿನಲ್ಲಿರುವ ಊರನ್ನು ಹುಡುಕಿಕೊಂಡು ಹೊರಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಶ್ರೀಲಂಕಾದಲ್ಲಿ ಹೀಗೆ ಸ್ಥಳಾಂತರಿಸಿದ 12 ಸಲಗಗಳಿಗೆ ಜಿಪಿಎಸ್ ಕಾಲರ್ ತೊಡಿಸಿ ಅವುಗಳ ಹೆಜ್ಜೆಯನ್ನು ಅನುಸರಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಕೆಲವು ಆನೆಗಳು ಹಿಡಿದ ಜಾಗಕ್ಕೇ ಮರಳಿದವು, ಕೆಲವು ನೆಲೆ ಸಿಗದೆ ಊರೂರು ಅಲೆದವು, ಕೆಲವು ಬಿಟ್ಟ ಜಾಗದ ಹತ್ತಿರ ನೆಲೆಸಿ ಅಲ್ಲಿಯ ಹೊಲಗಳಿಗೆ ಇಳಿದವು. ಸ್ಥಳಾಂತರದಿಂದ ಸಂಘರ್ಷ ಕಡಿಮೆಯಾಗುವ ಬದಲು ಇನ್ನಷ್ಟು ಕಡೆಗೆ ಹರಡಿತು, ಮನುಷ್ಯರ ಸಾವೂ ಆನೆಗಳ ಸಾವೂ ಹೆಚ್ಚಿದವು ಎಂಬುದು ಆ ಅಧ್ಯಯನದ ತೀರ್ಮಾನ. ಅಂದರೆ ಒಂದು ಊರಿನ ಕಷ್ಟವನ್ನು ಇನ್ನೊಂದು ಊರಿಗೆ ದಾಟಿಸಿದಂತಾಯಿತು.

ನಿಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ಕರ್ನಾಟಕ ಹೈಕೋರ್ಟಿನ ನಿರ್ದೇಶನದಂತೆ ರಚನೆಯಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಆರ್. ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ರಾಜ್ಯದ ಆನೆ ನೆಲೆಗಳನ್ನು ಮೂರು ಬಗೆಯಾಗಿ ನೋಡಬೇಕೆಂದು ಅದು ಸೂಚಿಸಿತು: ಆನೆಗೇ ಮೊದಲ ಹಕ್ಕಿರುವ ದೊಡ್ಡ ಕಾಡುಗಳು, ಮನುಷ್ಯರೂ ಆನೆಗಳೂ ಹೊಂದಿಕೊಂಡು ಬಾಳಬೇಕಾದ ಪ್ರದೇಶಗಳು, ಆನೆಗಳನ್ನು ಹಿಡಿದು ತೆಗೆಯಬೇಕಾದ ಸಣ್ಣ ಚೂರು ನೆಲೆಗಳು. ಆಲೂರು ಭಾಗವನ್ನು ಮೂರನೆಯ ಗುಂಪಿಗೆ ಸೇರಿಸಲಾಗಿತ್ತು. ಆ ಬಳಿಕ 20ಕ್ಕೂ ಹೆಚ್ಚು ಆನೆಗಳನ್ನು ಅಲ್ಲಿಂದ ಹಿಡಿಯಲಾಯಿತು. ಹಾಗಿದ್ದೂ ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಇಂದು ಆನೆಗಳಿವೆ. ನೆರಳು, ನೀರು, ಹಲಸು, ಬೈನೆ, ಪಕ್ಕದಲ್ಲೇ ಭತ್ತದ ಗದ್ದೆ ಇವೆಲ್ಲವೂ ಸೇರಿದ ಕಾಫಿ ತೋಟದ ನೆಲ ಆನೆಗೆ ಒಳ್ಳೆಯ ನೆಲೆ. ಒಂದು ಆನೆ ಹೋದರೂ ನೆಲೆಯ ಆಕರ್ಷಣೆ ಹೋಗುವುದಿಲ್ಲವಾದ್ದರಿಂದ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಜನರ ಪ್ರಾಣಕ್ಕೆ ಅಪಾಯವಾಗಿರುವ ಒಂದು ನಿರ್ದಿಷ್ಟ ಆನೆಯನ್ನು ಹಿಡಿಯಬೇಕಾದ ಸಂದರ್ಭಗಳು ಇದ್ದೇ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿಡಿಯುವುದನ್ನೇ ಪರಿಹಾರವೆಂದು ನಂಬಿಸುವುದು ಬೆಳೆಗಾರರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಮದವೇರಿದ ಆನೆ ಎಂದರೆ ಹುಚ್ಚು ಹಿಡಿದ ಆನೆಯೇ? ಇದು ರೋಗವೇ?
(ಮೈಸೂರಿನ ಪದವಿ ವಿದ್ಯಾರ್ಥಿನಿ)

ಉತ್ತರ: ಖಂಡಿತ ರೋಗವಲ್ಲ. ಆರೋಗ್ಯವಂತ, ಹೊಟ್ಟೆ ತುಂಬ ಮೇವು ಸಿಕ್ಕಿದ ಪ್ರಾಯದ ಸಲಗಕ್ಕೆ ಬರುವ ಸ್ಥಿತಿ ಅದು. ಕಣ್ಣು ಮತ್ತು ಕಿವಿಯ ನಡುವೆ ಇರುವ ಗ್ರಂಥಿ ಊದಿಕೊಂಡು ಕೆನ್ನೆಯ ಮೇಲೆ ಕಪ್ಪಗೆ ರಸ ಇಳಿಯುತ್ತದೆ, ಮೂತ್ರ ಹನಿಹನಿಯಾಗಿ ತೊಟ್ಟಿಕ್ಕುತ್ತಿರುತ್ತದೆ, ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಮಾಮೂಲಿಗಿಂತ ಹಲವು ಪಟ್ಟು ಏರುತ್ತದೆ. ಎಳೆಯ ಸಲಗಗಳಲ್ಲಿ ಕೆಲವೇ ದಿನ ಇರುವ ಮದ ದೊಡ್ಡ ಸಲಗಗಳಲ್ಲಿ ಎರಡು ಮೂರು ತಿಂಗಳವರೆಗೂ ಇರಬಹುದು. ಆ ಅವಧಿಯಲ್ಲಿ ಸಲಗ ಮೇವನ್ನು ಕಡಿಮೆ ಮಾಡಿ ಹೆಣ್ಣಾನೆಗಳನ್ನು ಅರಸುತ್ತ ದೂರ ದೂರ ನಡೆಯುತ್ತದೆ. ಎದುರಾದ ಬೇರೆ ಸಲಗಗಳು ಸಾಮಾನ್ಯವಾಗಿ ಅದಕ್ಕೆ ದಾರಿ ಬಿಡುತ್ತವೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ದೊಡ್ಡ ದಂತವಿರುವ ಆನೆಯೇ ಕಾಳಗದಲ್ಲಿ ಗೆಲ್ಲುತ್ತದೆ ಎಂದು ನಾವೆಲ್ಲ ಎಣಿಸಿರುತ್ತೇವೆ. ಅಸ್ಸಾಮಿನ ಕಾಜಿರಂಗದಲ್ಲಿ ದಂತವಿರುವ ಸಲಗಗಳೂ ದಂತವಿಲ್ಲದ ಗಂಡಾನೆಗಳೂ, ಅಂದರೆ ಮಖ್ನಾಗಳೂ, ಹೆಚ್ಚು ಕಡಿಮೆ ಸಮಸಮವಾಗಿವೆ. ಅಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸೋಲು ಗೆಲುವನ್ನು ನಿರ್ಧರಿಸುವುದು ಮೊದಲಿಗೆ ಮದ, ಅನಂತರ ದೇಹದ ಗಾತ್ರ. ದಂತದ ಪಾತ್ರ ಇವೆರಡರ ಹಿಂದೆ ಬರುತ್ತದೆ.

ನೀವು ಸಾಹಿತ್ಯದ ವಿದ್ಯಾರ್ಥಿನಿಯೆಂದು ಬರೆದಿರುವುದರಿಂದ ಇನ್ನೊಂದು ಮಾತು. ಆನೆಯ ಮದಜಲಕ್ಕೆ ದುಂಬಿಗಳು ಮುತ್ತುವ ಚಿತ್ರ ಸಂಸ್ಕೃತದಲ್ಲೂ ಹಳಗನ್ನಡ ಕಾವ್ಯಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಅದನ್ನು ಕವಿಸಮಯವೆಂದು ಬದಿಗಿಡುವಂತಿಲ್ಲ. ಮೊದಲ ಸಲ ಮದ ಬಂದ ಎಳೆಯ ಏಷ್ಯಾದ ಸಲಗಗಳ ಸ್ರಾವಕ್ಕೆ ಜೇನಿನಂಥ ಕಂಪು ಇರುತ್ತದೆ ಎಂದೂ, ಪ್ರಾಯದ ಸಲಗಗಳಲ್ಲಿ ಅದು ಕಟುವಾದ ದುರ್ವಾಸನೆಯಾಗಿ ಬದಲಾಗುತ್ತದೆ ಎಂದೂ ಎಲ್. ಇ. ಎಲ್. ರಾಸ್ಮುಸೆನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಸಿಹಿ ವಾಸನೆಯ ಎಳೆಯನನ್ನು ಹಿರಿಯ ಸಲಗಗಳು ಪ್ರತಿಸ್ಪರ್ಧಿಯೆಂದು ಎಣಿಸುವುದಿಲ್ಲವಾದ್ದರಿಂದ ಅದು ಪೆಟ್ಟು ತಿನ್ನದೆ ಉಳಿಯುತ್ತದೆ. ನಮ್ಮ ಹಳೆಯ ಕವಿಗಳ ಹಿಂದೆ ಆನೆಯನ್ನು ಹತ್ತಿರದಿಂದ ಬಲ್ಲ ಮಾವುತರ ತಿಳಿವು ಇದ್ದಿರಲೇಬೇಕೆಂದು ನನಗೆ ತೋರುತ್ತದೆ.

ಪ್ರಶ್ನೆ: ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳನ್ನು ನೋಡಿ ಬಂದ ನನ್ನ ಮಗಳು, "ಆನೆ ಒಂದಕ್ಕೊಂದು ಹೇಗೆ ಮಾತಾಡುತ್ತವೆ? ಘೀಳಿಡುವುದು ಬಿಟ್ಟರೆ ಸುಮ್ಮನೇ ಇರುತ್ತವಲ್ಲ" ಎಂದು ಕೇಳುತ್ತಿದ್ದಾಳೆ.
(ಶಿವಮೊಗ್ಗದ ಗೃಹಿಣಿ)

ಉತ್ತರ: ಸುಮ್ಮನಿರುವಂತೆ ಕಾಣುವ ಹೊತ್ತಿನಲ್ಲೂ ಅವು ಮಾತಾಡುತ್ತಿರಬಹುದು ಎಂದು ಮಗಳಿಗೆ ಹೇಳಿ. ಇದನ್ನು ಕಂಡುಹಿಡಿದ ಕಥೆ ಅವಳಿಗೆ ಇಷ್ಟವಾಗಬಹುದು. ತಿಮಿಂಗಿಲಗಳ ಹಾಡನ್ನು ಅಭ್ಯಾಸ ಮಾಡುತ್ತಿದ್ದ ಕೇಟಿ ಪೇನ್ ಎಂಬ ಅಮೆರಿಕದ ವಿಜ್ಞಾನಿ 1984ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ಹೊತ್ತು ಕಳೆಯುತ್ತಿದ್ದಾಗ, ಕಿವಿಗೆ ಏನೂ ಕೇಳಿಸದಿದ್ದರೂ ಸುತ್ತಲಿನ ಗಾಳಿ ಮಿಡಿಯುತ್ತಿರುವಂತೆ ಅವರಿಗೆ ಭಾಸವಾಯಿತು. ಚಿಕ್ಕಂದಿನಲ್ಲಿ ಚರ್ಚಿನ ದೊಡ್ಡ ಆರ್ಗನ್ ವಾದ್ಯದ ಅತಿ ಕೆಳಗಿನ ಸ್ವರಗಳು ಎದೆಯಲ್ಲಿ ಕಂಪಿಸುತ್ತಿದ್ದುದು ಅವರಿಗೆ ನೆನಪಾಯಿತು. ಧ್ವನಿಮುದ್ರಣ ಮಾಡಿ ಟೇಪನ್ನು ವೇಗವಾಗಿ ಓಡಿಸಿ ಕೇಳಿದಾಗ, ಮನುಷ್ಯರ ಕಿವಿಗೆ ನಿಲುಕದ ಆಳದ ಸ್ವರಗಳಲ್ಲಿ ಆನೆಗಳು ಕೂಗಿಕೊಳ್ಳುತ್ತಿದ್ದವೆಂಬುದು ತಿಳಿಯಿತು. 1986ರಲ್ಲಿ ಆ ಅಧ್ಯಯನ ಪ್ರಕಟವಾಯಿತು.

ಹೀಗೆ ಆಳದ ಸದ್ದಿನಿಂದ ಆಗುವ ಉಪಯೋಗ ದೊಡ್ಡದು. ಕೀಚಲು ಸದ್ದನ್ನು ಮರಗಿಡಗಳು ಬೇಗ ತಡೆಯುತ್ತವೆ. ಆಳದ ಸದ್ದು ಮಾತ್ರ ಕಾಡನ್ನು ಹಾದು ಕಿಲೋಮೀಟರುಗಟ್ಟಲೆ ಹೋಗುತ್ತದೆ, ಹವೆ ತಣ್ಣಗಾಗಿ ಗಾಳಿ ನಿಂತ ಸಂಜೆಗಳಲ್ಲಿ ಇನ್ನೂ ದೂರ ಮುಟ್ಟುತ್ತದೆ. ಎರಡು ಗುಂಪುಗಳು ಒಂದನ್ನೊಂದು ಕಾಣದೆಯೇ ಒಟ್ಟಿಗೆ ದಿಕ್ಕು ಬದಲಿಸುವುದು, ಹಲವು ಮೈಲಿ ದೂರದ ಸಲಗ ಬೆದೆಗೆ ಬಂದ ಹೆಣ್ಣನ್ನು ಹುಡುಕಿಕೊಂಡು ಬರುವುದು ಹೇಗೆಂಬ ಹಳೆಯ ಒಗಟುಗಳಿಗೆ ಇದರಿಂದ ಉತ್ತರ ಸಿಕ್ಕಿತು. ಕೆನ್ಯಾದ ಅಂಬೊಸೆಲಿಯಲ್ಲಿ ನಡೆದ ಧ್ವನಿ ಪರೀಕ್ಷೆಗಳಿಂದ, ಒಂದು ಹೆಣ್ಣಾನೆ ಸುಮಾರು 100 ಬೇರೆ ಆನೆಗಳ ಕೂಗನ್ನು ಗುರುತಿಸಬಲ್ಲದು ಎಂದು ಅಂದಾಜಾಗಿದೆ. ಸಕ್ರೆಬೈಲಿಗೆ ಮತ್ತೆ ಹೋದಾಗ ಆನೆಯ ಹಣೆಯನ್ನು ಗಮನಿಸಲು ಹೇಳಿ. ಸೊಂಡಿಲು ಶುರುವಾಗುವ ಜಾಗದ ಚರ್ಮ ಸಣ್ಣಗೆ ಅದಿರುತ್ತಿದ್ದರೆ ಅಲ್ಲೊಂದು ಮಾತು ನಡೆದಿದೆ ಎಂದೇ ತಿಳಿಯಬಹುದು. ಪೇನ್ ಅವರೂ ಇಂಥ ಅದಿರಾಟವನ್ನು ಗಮನಿಸಿದ್ದರು.

ಪ್ರಶ್ನೆ: ಆನೆ ನೂರು ವರ್ಷ ಬದುಕುತ್ತದೆ ಎನ್ನುವುದು ನಿಜವೇ?
(ದಾವಣಗೆರೆಯ ಓದುಗರು)

ಉತ್ತರ: ಇಲ್ಲ. ಕಾಡಿನಲ್ಲಿ ಅರವತ್ತು ದಾಟುವುದೇ ದೀರ್ಘಾಯುಷ್ಯ, ಮತ್ತು ಅದರ ಲೆಕ್ಕ ಹಲ್ಲಿನಲ್ಲಿದೆ. ನಮ್ಮ ಹಲ್ಲು ಕೆಳಗಿನಿಂದ ಮೇಲಕ್ಕೆ ಹುಟ್ಟಿದರೆ ಆನೆಯ ದವಡೆ ಹಲ್ಲುಗಳು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತವೆ. ಒಂದು ಸವೆದು ಮುಂದಿನಿಂದ ಚೂರುಚೂರಾಗಿ ಉದುರುತ್ತಿದ್ದಂತೆ ಹಿಂದಿನದು ಅದರ ಜಾಗಕ್ಕೆ ಬರುತ್ತದೆ. ಇಡೀ ಆಯಸ್ಸಿಗೆ ಇಂಥ ಆರು ಸರದಿ ಮಾತ್ರ. ದಿನಕ್ಕೆ ಸುಮಾರು 150 ಕಿಲೋ ಮೇವನ್ನು ಅರೆಯಬೇಕಾದ ಪ್ರಾಣಿಗೆ ಆರನೆಯ ಹಲ್ಲೂ ಸವೆದ ಮೇಲೆ ಒರಟು ಹುಲ್ಲು, ತೊಗಟೆ ತಿನ್ನಲಾಗುವುದಿಲ್ಲ. ಮುದಿ ಆನೆಗಳು ನೀರಿನಂಚಿನ ಮೆದು ಹುಲ್ಲನ್ನು ಹುಡುಕಿಕೊಂಡು ಅಲ್ಲೇ ಕೊನೆಯ ದಿನಗಳನ್ನು ಕಳೆಯುತ್ತವೆ.

ಪ್ರಶ್ನೆ: ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಬಳಿ ನೂರಾರು ಆನೆಗಳನ್ನು ಒಟ್ಟಿಗೆ ಕಂಡೆವು. ಇಷ್ಟೂ ಒಂದೇ ಹಿಂಡಿನವೇ?
(ಹೆಗ್ಗಡದೇವನಕೋಟೆ ಮೂಲದ, ಈಗ ಮಸ್ಕತ್ತಿನಲ್ಲಿರುವ ಓದುಗರು)

ಉತ್ತರ: ಅಲ್ಲ, ಅದು ಹಲವು ಬಳಗಗಳು ಒಂದೇ ಬಯಲಿನಲ್ಲಿ ಮೇಯುತ್ತಿದ್ದ ದೃಶ್ಯ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ, ಮೈಸೂರು ಸಂಸ್ಥಾನದ ಕಾಲದಿಂದ ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ದೊಡ್ಡ ಭಾಗ ಮುಳುಗಿತು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಒಂದು ಕಾಲಕ್ಕೆ ಖೆಡ್ಡಾ ಎಂದರೆ ಆನೆಗಳನ್ನು ಮರದ ದಿಮ್ಮಿಗಳ ಆವರಣಕ್ಕೆ ಅಟ್ಟಿ ಹಿಡಿಯುತ್ತಿದ್ದ ಸೀಮೆಯಲ್ಲಿ ಇಂದು ಬೇಸಿಗೆಗೆ ನೀರು ಇಳಿದಾಗ ತೆರೆದುಕೊಳ್ಳುವ ಹಸಿ ಹುಲ್ಲಿಗಾಗಿ, ಸುತ್ತಲ ಕಾಡು ಒಣಗಿರುವ ಹೊತ್ತಿನಲ್ಲಿ, ನಾಗರಹೊಳೆ ಮತ್ತು ಬಂಡೀಪುರದ ಎರಡೂ ದಡಗಳಿಂದ ಆನೆಗಳು ಇಳಿದು ಬರುತ್ತವೆ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಎನ್. ಸಿ. ವಿದ್ಯಾ ಮತ್ತು ಅವರ ವಿದ್ಯಾರ್ಥಿಗಳು 2009ರಿಂದ ಇಲ್ಲಿಯ ಆನೆಗಳನ್ನು ಕಿವಿಯ ಅಂಚಿನ ಹರುಕು, ಬಾಲದ ಕೂದಲು, ದಂತದ ಆಕಾರ ನೋಡಿ ಒಂದೊಂದಾಗಿ ಗುರುತಿಸುತ್ತ ಬಂದಿದ್ದಾರೆ. ಅವರ ಕೆಲಸದಿಂದ ತಿಳಿದಿರುವಂತೆ ನಾವು ಒಂದು ಹೊತ್ತಿನಲ್ಲಿ ಕಾಣುವ ಗುಂಪು ಸಾಮಾನ್ಯವಾಗಿ ಚಿಕ್ಕದು, ಎರಡು ಮೂರು ದೊಡ್ಡ ಹೆಣ್ಣಾನೆಗಳು ಮತ್ತು ಮರಿಗಳು ಮಾತ್ರ. ಆದರೆ ಆ ಗುಂಪು ಒಂದು ದೊಡ್ಡ ಬಳಗದ ತುಣುಕು. ಬಳಗದವರು ಇಂದು ಬೇರೆಯಾಗುತ್ತಾರೆ, ನಾಳೆ ಬೇರೊಬ್ಬರೊಡನೆ ಸೇರುತ್ತಾರೆ. ಕೂಡುಕುಟುಂಬದ ಅಕ್ಕತಂಗಿಯರು ಬೇರೆ ಬೇರೆ ಮನೆಗಳಲ್ಲಿದ್ದೂ ಹಬ್ಬ ಹರಿದಿನಕ್ಕೆ ಕೂಡುವಂತೆ ಎಂದುಕೊಳ್ಳಿ. ಬೇರೆ ಬಳಗದ ಹೆಣ್ಣುಗಳೊಂದಿಗೆ ಮಾತ್ರ ಅಂಥ ಸಲಿಗೆ ಇಲ್ಲ. ಹಿನ್ನೀರಿನ ಹುಲ್ಲಿಗಾಗಿ ಬಳಗ ಬಳಗಗಳ ನಡುವೆ ನೂಕಾಟ, ಅಟ್ಟಾಟ ನಡೆಯುತ್ತದೆ.

ಪ್ರಶ್ನೆ: ನಮ್ಮ ಕಡೆ ಕಾಡು ಕಡಿಮೆ. ಆದರೂ ಕೆಲವು ವರ್ಷಗಳಿಂದ ನಾಲ್ಕೈದು ಗಂಡಾನೆಗಳು ಜೊತೆಯಾಗಿ ರಾಗಿ ಹೊಲಕ್ಕೆ ಬರುತ್ತಿವೆ. ಗಂಡಾನೆ ಒಂಟಿಯಾಗಿರುತ್ತದೆ ಎಂದು ಓದಿದ್ದೆ.
(ಮಾಗಡಿ ತಾಲ್ಲೂಕಿನ ರೈತರು)

ಉತ್ತರ: ನೀವು ಓದಿದ್ದೂ ಸರಿ, ಕಂಡಿದ್ದೂ ಸರಿ. ದೊಡ್ಡ ಕಾಡುಗಳಲ್ಲಿ ಗಂಡಾನೆಗಳು ಹೆಚ್ಚಾಗಿ ಒಂಟಿಯಾಗಿ ತಿರುಗುತ್ತವೆ, ಇಲ್ಲವೇ ಸ್ವಲ್ಪ ಕಾಲ ಹೆಣ್ಣು ಹಿಂಡುಗಳ ಜೊತೆ ಇರುತ್ತವೆ. ಬೆಂಗಳೂರು, ರಾಮನಗರ, ತುಮಕೂರು, ಹೊಸೂರು ಸುತ್ತಿನ ಚೂರು ಕಾಡು ಮತ್ತು ಹೊಲಗಳ ನಾಡಿನಲ್ಲಿ ಬೇರೆಯದೇ ನಡವಳಿಕೆ ಬೆಳೆದಿದೆ. ಈ ಸೀಮೆಯಲ್ಲಿ ಛಾಯಾಚಿತ್ರಗಳಿಂದ 248 ಗಂಡಾನೆಗಳನ್ನು ಗುರುತಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಬೆಳೆಯಿರುವ ಪ್ರದೇಶಗಳಲ್ಲಿ ಹರೆಯದ ಗಂಡುಗಳು ದೊಡ್ಡ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಜೊತೆಯಾಗಿ ಉಳಿಯುವುದು ಕಂಡುಬಂತು. ಜನರ ನಡುವೆ ಓಡಾಡುವ ಅಪಾಯವನ್ನು ಹಂಚಿಕೊಳ್ಳಲು, ಹಿರಿಯ ಗಂಡುಗಳಿಂದ ದಾರಿ ಮತ್ತು ಸಮಯ ಕಲಿಯಲು ಇದು ನೆರವಾಗುತ್ತದೆ.

ಗಂಡುಗಳೇ ಯಾಕೆ ಹೆಚ್ಚಾಗಿ ಬರುತ್ತವೆ ಎಂಬುದಕ್ಕೆ ಸುಕುಮಾರ್ ಅವರು 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸುತ್ತ ನಡೆಸಿದ ಅಧ್ಯಯನ ಇಂದಿಗೂ ಒಳ್ಳೆಯ ಉತ್ತರ. ಅಲ್ಲಿ ಪ್ರಾಯದ ಗಂಡಾನೆಯೊಂದು ವರ್ಷದಲ್ಲಿ ಸರಾಸರಿ 49 ರಾತ್ರಿ ಹೊಲಕ್ಕೆ ಇಳಿಯುತ್ತಿದ್ದರೆ ಹೆಣ್ಣು ಹಿಂಡಿನ ಆನೆ 8 ರಾತ್ರಿ ಮಾತ್ರ ಇಳಿಯುತ್ತಿತ್ತು. ತೆನೆ ತುಂಬಿದ ರಾಗಿ, ಭತ್ತಗಳಲ್ಲಿ ಕಾಡಿನ ಒಣ ಹುಲ್ಲಿಗಿಂತ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಅದನ್ನು ತಿಂದ ಗಂಡು ಬೇಗ ದಪ್ಪವಾಗಿ ಬೆಳೆದು ಹೆಣ್ಣಿಗಾಗಿ ನಡೆಯುವ ಪೈಪೋಟಿಯಲ್ಲಿ ಮುಂದಾಗುತ್ತದೆ, ಹಾಗಾಗಿ ಪಟಾಕಿ, ಪಂಜುಗಳ ಅಪಾಯವನ್ನು ಎದುರಿಸುವುದರಲ್ಲಿ ಅದಕ್ಕೆ ಲಾಭವಿದೆ. ಮರಿಯನ್ನು ಕಾಯಬೇಕಾದ ತಾಯಿಗೆ ಆ ಲೆಕ್ಕ ಒಗ್ಗುವುದಿಲ್ಲ.

ಬೇಲಿಯ ಬಗ್ಗೆಯೂ ಕೇಳಿದ್ದೀರಿ. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಕೊಲ್ಲುವುದಿಲ್ಲ. ಬೇಲಿಯ ಕೆಳಗೆ ಕಳೆ ಬೆಳೆದು ತಂತಿಗೆ ತಾಗದಂತೆ ನೋಡಿಕೊಂಡರೆ ಮಾತ್ರ ಅದು ಕೆಲಸ ಮಾಡುತ್ತದೆ. ದಂತಕ್ಕೆ ವಿದ್ಯುತ್ ತಗಲುವುದಿಲ್ಲವೆಂಬುದನ್ನು ಕಲಿತ ಸಲಗಗಳು ದಂತದಿಂದಲೇ ತಂತಿ ಕೀಳುತ್ತವೆ, ಮರ ಬೀಳಿಸಿ ದಾಟುವುದೂ ಉಂಟು. ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟ್ ಕೊಡುವ ಯೋಚನೆಯನ್ನು ದಯವಿಟ್ಟು ಮನಸ್ಸಿಗೂ ತಂದುಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ, ಅದರಿಂದ ಆನೆಗಳು ಸಾಯುವಂತೆಯೇ ಕತ್ತಲಲ್ಲಿ ನೀರು ಹಾಯಿಸಲು ಬಂದ ನಿಮ್ಮವರೇ ಸಾಯಬಹುದು.

ಪ್ರಶ್ನೆ: ಬೇಟೆಯ ಕಾರಣದಿಂದ ಆಫ್ರಿಕಾದಲ್ಲಿ ದಂತವಿಲ್ಲದ ಆನೆಗಳು ಹುಟ್ಟುತ್ತಿವೆಯಂತೆ. ನಮ್ಮಲ್ಲೂ ಹಾಗಾಗಬಹುದೇ?
(ಧಾರವಾಡದ ಜೀವವಿಜ್ಞಾನ ಶಿಕ್ಷಕರು)

ಉತ್ತರ: ಸುದ್ದಿ ನಿಜ. ಮೊಜಾಂಬಿಕ್ ದೇಶದ ಗೊರೊಂಗೊಸಾದಲ್ಲಿ 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಗಳು ದಂತಕ್ಕಾಗಿ ಆನೆಗಳನ್ನು ಕೊಂದು ಶೇಕಡಾ 90ಕ್ಕೂ ಹೆಚ್ಚು ಆನೆಗಳು ಇಲ್ಲವಾದವು. ಯುದ್ಧಕ್ಕೆ ಮೊದಲು ಐದರಲ್ಲಿ ಒಂದಕ್ಕಿಂತ ಕಡಿಮೆಯಿದ್ದ ದಂತವಿಲ್ಲದ ಹೆಣ್ಣಾನೆಗಳ ಪ್ರಮಾಣ ಯುದ್ಧದ ಬಳಿಕ ಅರ್ಧದಷ್ಟಾಯಿತು. 2021ರ ಅಧ್ಯಯನವೊಂದು ಇದರ ಹಿಂದಿನ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆಯೆಂದೂ, ಅದು ಗಂಡು ಭ್ರೂಣಕ್ಕೆ ಮಾರಕವಾಗಿರುವಂತೆ ಕಾಣುತ್ತದೆಂದೂ ತೋರಿಸಿತು.

ನಮ್ಮ ಆನೆಗಳಲ್ಲಿ ಕಥೆ ಬೇರೆ, ಏಕೆಂದರೆ ಇಲ್ಲಿ ಹೆಣ್ಣಿಗೆ ದೊಡ್ಡ ದಂತವೇ ಇಲ್ಲ. ಆದ್ದರಿಂದ ದಂತಚೋರರ ಗುಂಡು ಬೀಳುವುದು ಗಂಡುಗಳ ಮೇಲೆ ಮಾತ್ರ. 1970ರಿಂದ 1990ರ ದಶಕದವರೆಗೆ ದಕ್ಷಿಣದ ಕಾಡುಗಳಲ್ಲಿ ಸಲಗಗಳ ಹತ್ಯೆ ಎಷ್ಟು ಭೀಕರವಾಗಿತ್ತೆಂದರೆ, ಕೇರಳದ ಪೆರಿಯಾರಿನಲ್ಲಿ ಒಂದು ಹಂತದಲ್ಲಿ ಸುಮಾರು ನೂರು ಪ್ರಾಯದ ಹೆಣ್ಣಾನೆಗಳಿಗೆ ಒಂದೇ ಒಂದು ಪ್ರಾಯದ ಗಂಡಾನೆ ಉಳಿದಿತ್ತು. ಹೆಣ್ಣು ಆನೆಗಳ ಎಣಿಕೆ ಮಾತ್ರ ನೋಡಿದವರಿಗೆ ಕಾಡು ತುಂಬಿರುವಂತೆಯೇ ಕಾಣುತ್ತಿತ್ತು. 22 ತಿಂಗಳವರೆಗೂ ಗರ್ಭ ಧರಿಸಿ, ನಾಲ್ಕೈದು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವ ಪ್ರಾಣಿಗೆ ಗಂಡುಗಳೇ ಇಲ್ಲವಾದರೆ ಏನಾಗಬಹುದೆಂದು ನೀವೇ ನಿಮ್ಮ ತರಗತಿಯಲ್ಲಿ ಲೆಕ್ಕ ಮಾಡಿಸಬಹುದು. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1989ರಲ್ಲಿ ನಿಷೇಧ ಒಪ್ಪಿಗೆಯಾದದ್ದು, ಕಾಡಿನ ಕಾವಲು ಬಿಗಿಯಾದದ್ದು ನಮ್ಮ ಸಲಗಗಳನ್ನು ಉಳಿಸಿದವು. ಮಖ್ನಾಗಳ ಪ್ರಮಾಣದಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ದೊಡ್ಡ ಅಂತರವಿದೆ: ದಕ್ಷಿಣ ಭಾರತದಲ್ಲಿ ಬಹುಪಾಲು ಗಂಡುಗಳಿಗೆ ದಂತವಿದ್ದರೆ ಶ್ರೀಲಂಕಾದಲ್ಲಿ ದಂತವಿರುವ ಗಂಡು ಹತ್ತರಲ್ಲಿ ಒಂದೂ ಇಲ್ಲ.

ಪ್ರಶ್ನೆ: ದೇಶದಲ್ಲಿ ಆನೆಗಳು ಏಳು ಸಾವಿರ ಕಡಿಮೆಯಾದವೆಂಬ ಸುದ್ದಿ ಓದಿ ಗಾಬರಿಯಾಯಿತು.
(ಬೆಂಗಳೂರಿನ ಓದುಗರು)

ಉತ್ತರ: ಹಾಗೆ ಕಳೆದು ನೋಡುವುದು ಸರಿಯಲ್ಲ. 2017ರ ಗಣತಿಯ 29,964 ಎಂಬ ಅಂಕಿ ಕಣ್ಣಿಗೆ ಕಂಡ ಆನೆ ಮತ್ತು ಲದ್ದಿಯ ಎಣಿಕೆಯಿಂದ ಬಂದದ್ದು. 2025ರ ಅಕ್ಟೋಬರಿನಲ್ಲಿ ಪ್ರಕಟವಾದ 22,446 ಎಂಬ ಅಂಕಿ ಲದ್ದಿಯ ಮೇಲೆ ಅಂಟಿರುವ ಕರುಳಿನ ಜೀವಕೋಶಗಳ ಡಿಎನ್ಎ ಪರೀಕ್ಷೆಯಿಂದ ಬಂದದ್ದು. ದೇಶದ ತುಂಬ 21,056 ಲದ್ದಿ ಮಾದರಿಗಳನ್ನು ಆಯ್ದು, ಅವುಗಳಲ್ಲಿ 4,065 ಬೇರೆ ಬೇರೆ ಆನೆಗಳನ್ನು ಗುರುತಿಸಿ, ಒಂದೇ ಆನೆ ಎಷ್ಟು ಸಲ ಮತ್ತೆ ಸಿಕ್ಕಿತು ಎಂಬುದರ ಮೇಲೆ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿದ್ದಾರೆ. ಅಳತೆಗೋಲೇ ಬದಲಾದ್ದರಿಂದ ಎರಡನ್ನೂ ಹೋಲಿಸುವಂತಿಲ್ಲ, ಮುಂದಿನ ಗಣತಿಯನ್ನು ಇದರ ಜೊತೆ ಹೋಲಿಸಬೇಕು. ಎರಡೂ ಲೆಕ್ಕಗಳಲ್ಲಿ ಕರ್ನಾಟಕವೇ ಮೊದಲು. ಹೊಸ ಅಂದಾಜಿನಲ್ಲಿ ನಮ್ಮ ರಾಜ್ಯದ ಪಾಲು 6,013.

ಪ್ರಶ್ನೆ: ಅರ್ಜುನ ಆನೆ ಸತ್ತಾಗ ಅದರ ಮಾವುತರು ಅತ್ತದ್ದನ್ನು ನೋಡಿ ನಾವೂ ಅತ್ತೆವು. ಆನೆಗಳೂ ತಮ್ಮವರಿಗಾಗಿ ಅಳುತ್ತವೆಯೇ?
(ಹುಣಸೂರಿನ ನಿವೃತ್ತ ಅಂಚೆ ನೌಕರರು)

ಉತ್ತರ: ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಕಾಡು ಸಲಗದೊಂದಿಗೆ ಕಾದಾಡಿ ಸತ್ತದ್ದು ನಾಡಿಗೆ ನಾಡೇ ದುಃಖಪಟ್ಟ ಸಂಗತಿ. ಆನೆಗಳ ದುಃಖದ ಬಗ್ಗೆ ಹೇಳುವಾಗ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿಡುವುದು ಒಳ್ಳೆಯದು. ಆನೆಗಳು ಸತ್ತ ಆನೆಯ ಬಳಿ ಗಂಟೆಗಟ್ಟಲೆ ನಿಲ್ಲುತ್ತವೆ, ಸೊಂಡಿಲಿನಿಂದ ಮುಟ್ಟುತ್ತವೆ, ಎಬ್ಬಿಸಲು ನೋಡುತ್ತವೆ. ಸತ್ತ ಮರಿಯನ್ನು ತಾಯಿ ದಿನಗಟ್ಟಲೆ ಎತ್ತಿಕೊಂಡು ನಡೆದದ್ದನ್ನು ಹಲವರು ಕಂಡಿದ್ದಾರೆ. ಪಶ್ಚಿಮ ಬಂಗಾಳದ ಉತ್ತರ ಭಾಗದ ಚಹಾ ತೋಟಗಳಲ್ಲಿ ಐದು ಸತ್ತ ಮರಿಗಳ ದೇಹಗಳು ಕಾಲು ಮೇಲಾಗಿ ನೀರಿನ ಕಾಲುವೆಯಲ್ಲಿ ಮಣ್ಣು ಮುಚ್ಚಿ ಹುಗಿದಂತೆ ಸಿಕ್ಕಿದ್ದನ್ನು 2024ರ ಅಧ್ಯಯನವೊಂದು ದಾಖಲಿಸಿದೆ. ಅಂಬೊಸೆಲಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಆನೆಗಳು ಬೇರೆ ಪ್ರಾಣಿಗಳ ತಲೆಬುರುಡೆಗಿಂತ ಆನೆಯ ಬುರುಡೆ ಮತ್ತು ದಂತವನ್ನು ಹೆಚ್ಚು ಹೊತ್ತು ಮೂಸಿ ಮುಟ್ಟಿದವು. ಆದರೆ ತಮ್ಮದೇ ಕುಟುಂಬದ ಹಿರಿಯಳ ಬುರುಡೆಗೆ ವಿಶೇಷ ಗಮನ ಕೊಡಲಿಲ್ಲ.

ಕಣ್ಣೀರನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಆನೆಯ ಕಣ್ಣಿನ ನೀರು ಮೂಗಿಗೆ ಹರಿದುಹೋಗುವ ನಾಳವಿಲ್ಲದ ಕಾರಣ ಅದು ಯಾವಾಗಲೂ ಕೆನ್ನೆಯ ಮೇಲೆಯೇ ಇಳಿಯುತ್ತದೆ. ಅವುಗಳ ಒಳಗೆ ನಡೆಯುವುದು ನಮ್ಮ ದುಃಖದಂಥದ್ದೇ ಎಂದು ವಿಜ್ಞಾನ ಇನ್ನೂ ಸಾಧಿಸಿ ತೋರಿಸಿಲ್ಲ. ಆದರೂ ಅರವತ್ತು ವರ್ಷ ಜೊತೆಗಿರುವ, ನೂರು ಕೂಗುಗಳನ್ನು ಗುರುತಿಡುವ ಪ್ರಾಣಿಗೆ ಜೊತೆಗಾರರ ಸಾವು ಏನೂ ಅಲ್ಲವೆಂದು ನಂಬುವುದು ನನ್ನಿಂದ ಆಗದು.

ಪ್ರಶ್ನೆ: ಬೆಳಿಗ್ಗೆ ಆರಕ್ಕೇ ತೋಟದ ಕೆಲಸಕ್ಕೆ ನಡೆದು ಹೋಗುತ್ತೇವೆ. ದಾರಿಯಲ್ಲಿ ಆನೆ ಸಿಕ್ಕರೆ ಏನು ಮಾಡಬೇಕು?
(ಸಿದ್ದಾಪುರ ಸಮೀಪದ ಎಸ್ಟೇಟ್ ಕಾರ್ಮಿಕ ಮಹಿಳೆ)

ಉತ್ತರ: ಅಮ್ಮಾ, ಸಿಗದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ. ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಅವರ ತಂಡ, ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಸಂಜೆಯೇ ಮೊಬೈಲಿಗೆ ಕಳುಹಿಸುವ, ಆನೆ ಹತ್ತಿರವಿದ್ದರೆ ಎತ್ತರದ ಕಂಬದ ಮೇಲೆ ಕೆಂಪು ದೀಪ ಹೊತ್ತಿಸುವ ವ್ಯವಸ್ಥೆ ಮಾಡಿದ ಮೇಲೆ ಅಲ್ಲಿ ಆನೆಯಿಂದ ಸಾಯುವವರ ಸಂಖ್ಯೆ ಕಡಿಮೆಯಾಯಿತು. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಆನೆ ಇದೆಯೆಂದೇ ತಿಳಿಯದೆ ಎದುರಾದವರು. ಅದೇ ಕ್ರಮ ಹಾಸನ ಜಿಲ್ಲೆಯಲ್ಲೂ ಬಂದಿದೆ. ನಿಮ್ಮ ಎಸ್ಟೇಟಿನ ರೈಟರಿಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಸುದ್ದಿ ಬರುತ್ತದೆಯೇ ಎಂದು ಕೇಳಿ, ಬಂದರೆ ಹಿಂದಿನ ರಾತ್ರಿಯೇ ಲೈನ್ ಮನೆಗಳಿಗೆ ತಿಳಿಸಬೇಕೆಂದು ಎಲ್ಲರೂ ಸೇರಿ ಒತ್ತಾಯಿಸಿ. ಆನೆ ಇರುವ ದಿನ ಕೆಲಸವನ್ನು ಮಂಜು ಕರಗಿದ ಮೇಲೆ ಶುರು ಮಾಡಬೇಕೆಂದು ಕೇಳುವ ಹಕ್ಕು ನಿಮಗಿದೆ.

ದಾರಿಯಲ್ಲಿ ಒಬ್ಬರೇ ಹೋಗಬೇಡಿ, ಮಾತಾಡುತ್ತ ನಡೆಯಿರಿ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ, ಹುಳಿಯಾದ ಗಾಢ ವಾಸನೆ ಸಿಕ್ಕರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡಿ. ದೂರದಲ್ಲಿ ಕಂಡರೆ ಕೂಗಬೇಡಿ, ಕಲ್ಲು ಎಸೆಯಬೇಡಿ, ಫೋಟೊ ತೆಗೆಯುವವರನ್ನು ತಡೆಯಿರಿ. ಅದು ಹೋಗಲು ದಾರಿ ಬಿಟ್ಟು, ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುವಂತೆ ಸರಿದು ನಿಲ್ಲಿರಿ. ಹಿಂಡಾದರೆ ಕೊನೆಯ ಆನೆ ದಾಟಿತೆಂದು ಅನಿಸಿದ ಮೇಲೂ ಇನ್ನೂ ಸ್ವಲ್ಪ ಹೊತ್ತು ಕಾಯಿರಿ, ಹಿಂದೆ ಉಳಿದ ಮರಿಯೋ ಅದನ್ನು ಕಾಯುತ್ತಿರುವ ತಾಯಿಯೋ ಕಾಫಿ ಗಿಡಗಳ ಮರೆಯಲ್ಲಿ ಇನ್ನೂ ಇರಬಹುದು.